ಕಾಮರ್ಸ್ ಮೇಷ್ಟ್ರು

ನಮ್ಮ ಟೀವಿಯವರಿಗೆ ಕನ್ನಡಕ ಹಾಕಿಕೊಂಡು ಮೈಕ್ ಹಿಡಿದವರೆಲ್ಲ ವಿಜ್ಞಾನಿಗಳೇ. ಮೊನ್ನೆ ಗುಬ್ಬಿಯ ಕಾಲೇಜೊಂದರ ವಿಚಾರ ಸಂಕಿರಣದಲ್ಲಿ ಪ್ರೊಫೆಸರ್ ಚಿಕ್ಕಹನುಮಯ್ಯನವರು, "ಭೂಮಿ ಬಿಸಿಯಾಗ್ತಿದೆ ಅನ್ನೋದು ಬರೀ ಬೊಗಳೆ" ಅಂದರು. ಸಂಜೆಯೊಳಗೆ ಚಾನೆಲ್‌ಗಳಲ್ಲಿ 'ಹಿರಿಯ ವಿಜ್ಞಾನಿಯ ಬಾಂಬ್' ಶುರುವಾಯಿತು. ಅವರು ಕುಣಿಗಲ್‌ನಲ್ಲಿ ನಿವೃತ್ತಿಯವರೆಗೂ ಪಾಠ ಮಾಡಿದ್ದು ವಾಣಿಜ್ಯಶಾಸ್ತ್ರ. ನನಗಿದು ಚೆನ್ನಾಗಿ ಗೊತ್ತು, ಯಾಕೆಂದರೆ ಮುಂದಿನ ತಿಂಗಳು ಅವರ ಮಗ ಅಂಜನ್‌ಕುಮಾರ್ ಜೊತೆ ನನ್ನ ನಿಶ್ಚಿತಾರ್ಥ.

ನಾನು ತುಮಕೂರಿನ ಒಂದು ದಿನಪತ್ರಿಕೆಯ ವರದಿಗಾರ್ತಿ. ಅವರ ಮಾತನ್ನು ಇದ್ದಂತೆಯೇ ಬರೆದೆ. ಹೆಸರಿನ ಜೊತೆಗೆ 'ನಿವೃತ್ತ ವಾಣಿಜ್ಯಶಾಸ್ತ್ರ ಪ್ರಾಧ್ಯಾಪಕ' ಎಂದು ಸೇರಿಸಿದೆ. ಅದೇ ವೇದಿಕೆಯಲ್ಲಿದ್ದ ಹವಾಮಾನ ಸಂಶೋಧಕಿಯೊಬ್ಬರು ಅದನ್ನು ಅಲ್ಲಗಳೆದದ್ದನ್ನೂ ಬರೆದೆ. ಆಕೆಯ ಮುಖವನ್ನು ಒಂದು ಚಾನೆಲ್ಲೂ ತೋರಿಸಿರಲಿಲ್ಲ.

ಸಂಪಾದಕ ನಾಗೇಶ್ ತಲೆ ಕೆರೆದುಕೊಂಡರು. "ಬರೀ ಪ್ರೊಫೆಸರ್ ಅಂತ ಹಾಕಮ್ಮ ಮೋನಿಕಾ, ಸಾಕು. ನಿಮ್ಮ ಮಾವ ಆಗೋರು ಬೇರೆ."

"ಹಾಕಿದ್ರೆ ಹಿಂಗೇ ಹಾಕಿ ಸಾರ್. ಇಲ್ಲಾಂದ್ರೆ ವರದೀನೇ ಬೇಡ," ಅಂದೆ.

ಗೊಣಗುತ್ತಲೇ ಹಾಗೇ ಹಾಕಿದರು. ಮರುದಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲಿ ಕಾಫಿ ಬಾಯಿಗಿಡುವ ಮೊದಲೇ ಅಂಜನ್ ಫೋನ್ ಬಂತು.

"ಏನ್ ಮೋನಿಕಾ, ಅಪ್ಪನ ಮಾನ ಕಳೆದ್ಬಿಟ್ಯಲ್ಲ! ಊರೆಲ್ಲ ವಿಜ್ಞಾನಿ ಅಂತಾವ್ರೆ, ನಿಂಗೊಬ್ಳಿಗೆ ಏನ್ ಕಷ್ಟ?"

"ಅವ್ರು ವಿಜ್ಞಾನಿ ಅಲ್ವಲ್ಲ ಕಣೋ."

"ನಾಳೆ ಪೇಪರಲ್ಲಿ ತಪ್ಪಾಯ್ತು ಅಂತ ಹಾಕು. ಇಲ್ಲಾಂದ್ರೆ ನಿಶ್ಚಿತಾರ್ಥಾನೇ ಬೇಡ ಅಂತಾವ್ರೆ ಅಪ್ಪ."

"ನೀನೇನಂತೀಯ?"

"ಅಪ್ಪ ಹೇಳಿದ್ಮೇಲೆ ನಾನೇನ್ ಹೇಳ್ಲಿ?"

ಅಳು ಬಂತು. ಅವನೆಂದರೆ ನನಗೆ ಪ್ರಾಣ, ಸುಳ್ಳೇಕೆ ಹೇಳಲಿ? ಆದರೆ ಅಳುವಿಗಿಂತ ದೊಡ್ಡದಾಗಿ ಸಿಟ್ಟು ಬಂತು. ಮೂಗು ಒರೆಸಿಕೊಂಡು ಪೆನ್ನು ತೆಗೆದೆ.

"ತಪ್ಪಿದ್ರೆ ತಿದ್ತೀನಿ ಕಣೋ, ಅದು ನನ್ನ ಕೆಲ್ಸ. ನೀನೇ ಹೇಳು, ಬರ್ಕೋತೀನಿ. ನಿಮ್ಮಪ್ಪ ಕಾಲೇಜಲ್ಲಿ ಯಾವ ಸಬ್ಜೆಕ್ಟ್ ಹೇಳ್ಕೊಡ್ತಿದ್ರು?"

ಅವರ ಮನೆಯ ಕುಕ್ಕರ್ ಕೂಗಿದ್ದು ಕೇಳಿಸಿತು. ನಾನು ಕಾದೆ.

"ಕಾಮರ್ಸ್," ಅಂದ, ತೀರಾ ಮೆಲ್ಲಗೆ.

"ಹಂಗಾದ್ರೆ ಸರಿಯಾಗೇ ಬಂದಿದೆ ಬಿಡು," ಎಂದು ಫೋನಿಟ್ಟೆ.

ಅಡುಗೆಮನೆಯಲ್ಲಿ ಅಮ್ಮ ನಿಶ್ಚಿತಾರ್ಥಕ್ಕೆ ಕರೆಯಬೇಕಾದವರ ಹೆಸರುಗಳನ್ನು ಒಂದೊಂದಾಗಿ ಹೇಳಿಕೊಳ್ಳುತ್ತಿದ್ದಳು. ಹೋಗಿ ಅವಳ ಪಕ್ಕದಲ್ಲಿ ನಿಂತೆ.

"ಅಮ್ಮ, ಯಾರ್ನೂ ಕರೀಬೇಡ," ಅಂದೆ.