ಸಾಕು ಎಂದ ಬೆರಳು

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ವಸುಧಾ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ನಾನು ಅಲ್ಲಗಳೆಯುವುದಿಲ್ಲ. ಇಂಡಿ ಊರಿನ ಶಾಲೆಯಲ್ಲಿ ಹೆಡ್‌ಮಾಸ್ತರನಾಗಿ ನಿವೃತ್ತನಾದವನು. ತಪ್ಪು ಎನ್ನುವುದು ಸದಾ ಎದುರಿನ ಬೆಂಚಿನಲ್ಲೇ ಕೂತಿರುತ್ತದೆ ಎಂದು ನಂಬಿ ಬಾಳಿದವನು. ಆ ದಿನ ಸಿಂದಗಿಯ ಮಶಾಕಸಾಬ ಮಿಸ್ತ್ರಿಯ ಗ್ಯಾರೇಜಿಗೆ ಕಾಲಿಟ್ಟಾಗಲೂ ಸಿಟ್ಟಿನಲ್ಲೇ ಇದ್ದೆ.

ನಮ್ಮಪ್ಪನ ಅಮೆರಿಕನ್ ಗಾಡಿ ಅಲ್ಲಿ ಒಂದೂವರೆ ತಿಂಗಳಿಂದ ಬಿದ್ದಿತ್ತು. ಎಂಟು ಸಿಲಿಂಡರಿನದು, ನನಗಿಂತ ಎರಡೇ ವರ್ಷ ಚಿಕ್ಕದು. ಒಂದು ವಾಲ್ವ್ ಸುಟ್ಟುಹೋಗಿ ಎಳೆಯುವುದನ್ನೇ ಬಿಟ್ಟಿತ್ತು. ಪೆಟ್ರೋಲನ್ನು ಬೈದೆ, ರಸ್ತೆಯನ್ನು ಬೈದೆ. ಸೊಲ್ಲಾಪುರದ ಗುಜರಿಯಲ್ಲಿ ಬದಲಿ ವಾಲ್ವ್ ಹುಡುಕುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ಇಂಥದ್ದು ಇನ್ನೊಂದು ಸಿಗುವುದಿಲ್ಲ ಎಂದು ಅಂಗಡಿಯವನು ಖಡಾಖಂಡಿತ ಹೇಳಿದ್ದ. ಈಗ ಗಾಡಿ ಸಂಜೆ ನಾಲ್ಕರೊಳಗೆ ವಿಜಯಪುರದ ಆರ್‌ಟಿಓದಲ್ಲಿ ಪಾಸಿಂಗಿಗೆ ನಿಲ್ಲಬೇಕಿತ್ತು. ಎರಡು ತಾರೀಖು ಆಗಲೇ ತಪ್ಪಿದ್ದವು.

ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳೆಯ ಗಾಡಿಗಳೂ ಮಶಾಕಸಾಬನ ಕೈಗೇ ಬರುತ್ತವೆ. ಹನ್ನೊಂದು ಗಂಟೆಯಾದರೂ ಕೆಲಸ ಯಾಕೆ ಮುಗಿದಿಲ್ಲ ಎಂದು ನಾನು ಗದರಿಸುವ ಮೊದಲೇ ಅವನು ಎರಡೂ ಅಂಗೈ ನನ್ನ ಮುಂದೆ ಚಾಚಿದ.

“ಸಕ್ಕರಿ ಬ್ಯಾನಿ, ಸರ್ರ. ಈಗೀಗ ಬೆರಳಿಗೆ ಏನೂ ತಿಳಿವಲ್ದು. ರಾಡು ನೀವು ಹಿಡೀರಿ, ನಟ್ಟು ನಾ ತಿರುವ್ತೇನಿ.”

ಹೊಸ ವಾಲ್ವ್ ಕೂರಿಸಿಯಾಗಿತ್ತು, ಉಳಿದ ಕೆಲಸ ಇಷ್ಟೇ. ಪ್ರತಿ ವಾಲ್ವಿಗೂ ಒಂದು ಉದ್ದನೆಯ ರಾಡು ಇರುತ್ತದೆ. ಅದರ ಬುಡದಲ್ಲಿ ಎಣ್ಣೆ ತುಂಬಿಕೊಳ್ಳುವ ಲಿಫ್ಟರ್, ಮೇಲೆ ಒಂದು ನಟ್ಟು. ರಾಡನ್ನು ಎರಡು ಬೆರಳಲ್ಲಿ ಹಿಡಿದು ಮೇಲೆ ಕೆಳಗೆ ಆಡಿಸುತ್ತಿರಬೇಕು. ನಟ್ಟು ಬಿಗಿಯಾದಂತೆ ಅದರ ಸಡಿಲು ಕಡಿಮೆಯಾಗುತ್ತದೆ, ಪೂರ್ತಿ ಹೋದ ಆ ಗಳಿಗೆಗೆ ‘ಸಾಕು’ ಎನ್ನಬೇಕು. ಅಲ್ಲಿಂದ ಮಿಸ್ತ್ರಿ ಅರ್ಧ ಸುತ್ತು ಮಾತ್ರ ಹೆಚ್ಚು ಬಿಗಿಯುತ್ತಾನೆ. ‘ಸಾಕು’ ತಡವಾಗಿ ಬಂದರೆ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ. ಮುಚ್ಚದ ವಾಲ್ವ್ ಸುಡುತ್ತದೆ, ಇಲ್ಲವೇ ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಮುಗಿಯುತ್ತದೆ. ಅಳೆಯಲು ಅವನ ಬಳಿ ಬೇರೆ ಸಾಧನವಿರಲಿಲ್ಲ.

ನಿನ್ನ ಅಳಿಯ ಜುಲ್ಫಿಕರನನ್ನು ಕರೆ ಎಂದೆ. ಅವನು ತಾಂಬಾ ಹಳ್ಳಿಗೆ ಟ್ರ್ಯಾಕ್ಟರ್ ರಿಪೇರಿಗೆ ಹೋಗಿದ್ದಾನೆ, ಇದ್ದರೂ ಉಪಯೋಗವಿಲ್ಲ ಎಂದ ಮಿಸ್ತ್ರಿ. ಟ್ರ್ಯಾಕ್ಟರಿನಲ್ಲಿ ಕೈ ಪಳಗಿದವರು ರೂಢಿಯಂತೆ ಒಂದಿಷ್ಟು ಸಡಿಲು, ಅಂದರೆ ಗ್ಯಾಪ್, ಬಿಟ್ಟುಬಿಡುತ್ತಾರೆ, ಈ ಇಂಜಿನ್ನಿಗೆ ಗ್ಯಾಪ್ ಬಿಡುವ ಹಾಗೇ ಇಲ್ಲವಂತೆ. ತಾನು ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು ಎಂದು ಮಕ್ಕಳಿಗೆ ಪಾಠ ಹೇಳಿದವನಲ್ಲವೇ ನಾನು? ಅಂಗಿಯ ತೋಳು ಮಡಚಿದೆ.

ಮೊದಲ ಕೆಲವು ಸಲೀಸಾಗಿ ಹೋದವು. ರಾಡಿನ ಅಲುಗಾಟ ನಿಂತದ್ದು ಬೆರಳಿಗೆ ನಿಚ್ಚಳವಾಗಿ ತಿಳಿಯುತ್ತಿತ್ತು. ಆಮೇಲೆ ತಗಡಿನ ಮಾಡು ಕಾಯತೊಡಗಿತು. ಬೆರಳೆಲ್ಲ ಎಣ್ಣೆ, ಕಣ್ಣಿಗೆ ಬೆವರು, ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ. ಹನ್ನೊಂದನೆಯ ರಾಡು ಹಿಡಿದಾಗ ನಾನು ವಿಜಯಪುರದ ರಸ್ತೆಯ ಲೆಕ್ಕ ಹಾಕುತ್ತಿದ್ದೆ. ನಟ್ಟು ತಿರುಗುತ್ತಲೇ ಇತ್ತು. ಅಲುಗಾಟ ಈಗ ನಿಂತಿತೋ, ಆಗಲೇ ನಿಂತಿತ್ತೋ ಗೊತ್ತಾಗಲಿಲ್ಲ. ಮಿಸ್ತ್ರಿ ನನ್ನ ಮುಖ ನೋಡಿದ. ಸಾಕು ಎಂದೆ, ಗಟ್ಟಿಯಾಗಿಯೇ ಎಂದೆ. ಉತ್ತರ ಗೊತ್ತಿಲ್ಲದಾಗ ದನಿ ಏರಿಸುವ ವಿದ್ಯೆಯನ್ನು ನನಗೆ ಯಾರೂ ಕಲಿಸಬೇಕಾಗಿಲ್ಲ.

ಹದಿನಾರೂ ಮುಗಿದಾಗ ಒಂದೂಮುಕ್ಕಾಲು. ಕೀಲಿಗೆ ಕೈ ಹಾಕಿದೆ. ಮಿಸ್ತ್ರಿ ಅದನ್ನು ಕಿತ್ತು ಜೇಬಿಗಿಟ್ಟುಕೊಂಡ. ಲಿಫ್ಟರಿನೊಳಗಿನ ಹೆಚ್ಚಿನ ಎಣ್ಣೆ ಸೋರಿ ವಾಲ್ವುಗಳು ಕೂರಲು ಅರ್ಧ ತಾಸು ಬೇಕು, ಅಲ್ಲಿಯವರೆಗೆ ಇಂಜಿನ್ ತಿರುಗಿಸಿದರೆ ಬಡಿದಾವು ಎಂದ. ನಾನು ಕೂಗಾಡಿದೆ. ಅವನು ಜಗ್ಗಲಿಲ್ಲ.

ಅವನ ಹೆಂಡತಿ ಜೋಹರಾಬಿ ಚಹಾ ಕಳಿಸಿದಳು. ಅಷ್ಟರಲ್ಲಿ ಮುದ್ದೇಬಿಹಾಳದ ಮಲ್ಲಣ್ಣ ಎಂಬವರು ತಮ್ಮ ಹಳೆಯ ವಿದೇಶಿ ಗಾಡಿಯನ್ನು ಇದೇ ಕೆಲಸಕ್ಕೆಂದು ತಂದು ಹೊರಗೆ ನಿಲ್ಲಿಸಿದರು. ನಮ್ಮ ಇಂಜಿನ್ ಹೇಗೆ ಏಳುತ್ತದೋ ನೋಡಿಯೇ ಕೀಲಿ ಕೊಡುತ್ತೇನೆ ಎಂದು ಬಾಕಿನ ಮೇಲೆ ಕೂತರು.

ಹನ್ನೊಂದನೆಯದು ಬಡಿದರೆ ಅಪ್ಪನ ಗಾಡಿ ಇವತ್ತಿಗೆ ಮುಗಿಯಿತು. ಆದರೆ ಹೆಸರು ಕೆಡುವುದು ಮಶಾಕಸಾಬನದು. ಮಿಸ್ತ್ರಿ ಇಂಜಿನ್ ಒಡೆದ ಎಂದು ಸಂಜೆಯೊಳಗೆ ಮುದ್ದೇಬಿಹಾಳದ ತನಕ ಸುದ್ದಿ ಮುಟ್ಟುತ್ತದೆ, ಮಾಸ್ತರ ಬೆರಳಿನ ಸುದ್ದಿ ಯಾರೂ ಎತ್ತುವುದಿಲ್ಲ. ಈ ವಿಚಾರ ಬಂದಾಗ ಒಂದು ಗಳಿಗೆ ನನಗೆ ನಿರಾಳವಾಯಿತು. ನಿರಾಳವಾಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಎರಡೂಕಾಲಿಗೆ ಅವನು ಎದ್ದು, ಗಾಡಿಯೊಳಗೆ ಕೂತು ಕೀಲಿ ತೂರಿಸಿದ. ನಾನು ಕಿಟಕಿಯಿಂದ ಕೈ ಹಾಕಿ ಅವನ ಮಣಿಕಟ್ಟು ಹಿಡಿದೆ.

“ತಡಿ, ಮಶಾಕಸಾಬ. ಹನ್ನೊಂದನೇದು ನನಗ ತಿಳೀಲಿಲ್ಲ. ಸುಳ್ಳ ಸಾಕು ಅಂದ್ನಿ.”

ಅವನು ಕೀಲಿಯನ್ನು ಹೊರಗೆಳೆದ.

“ಹೋದ ವರ್ಷ ಇದ ಗಾಡಿಗೆ ನಾನೂ ಹಂಗ ಅಂದಿದ್ನಿ, ಸರ್ರ,” ಎಂದ ಮೆಲ್ಲಗೆ. “ಬೆರಳು ಹೋಗಿ ಎರಡು ವರ್ಷ ಆತು. ನಿಮ್ಮ ವಾಲ್ವ್ ಸುಟ್ಟಿದ್ದು ನನ್ನ ಕೈಲಿಂದ.”

ಬೈಯಲು ಬಾಯಿ ತೆರೆದೆ. ಯಾವ ಮುಖ ಇಟ್ಟುಕೊಂಡು ಬೈಯುವುದು? ಉಳಿದ ಹದಿನೈದು ಖಾತ್ರಿಯೇ ಎಂದು ಅವನು ಕೇಳಿದ. ನೆನೆಸಿಕೊಂಡು, ನಾಲ್ಕು ಖಾತ್ರಿಯಿಲ್ಲ ಎಂದೆ.

ಅವನು ಹದಿನಾರೂ ನಟ್ಟು ಸಡಿಲಿಸಿದ. ವಿಜಯಪುರದ ಮಾತು ಇಬ್ಬರೂ ಎತ್ತಲಿಲ್ಲ. ಬೆರಳು ಒರೆಸಿಕೊಂಡು ಮತ್ತೆ ಮೊದಲಿನಿಂದ ಹಿಡಿದೆ. ತಿಳಿಯದಾಗೆಲ್ಲ ತಿಳಿಯಲಿಲ್ಲ ಎಂದೆ, ಏಳು ಸಲ ಎಂದೆ. ಅವನು ಬೇಸರವಿಲ್ಲದೆ ನಟ್ಟು ಹಿಂದಕ್ಕೆ ತಿರುಗಿಸಿ ಪುನಃ ಶುರು ಮಾಡಿದ. ಮತ್ತೆ ಅರ್ಧ ತಾಸು ಕಾದೆವು. ಐದೂಮುಕ್ಕಾಲಿಗೆ ಕೀಲಿ ತಿರುಗಿಸಿದವನು ನಾನೇ. ಇಂಜಿನ್ ಎದ್ದಿತು. ಎಂಟೂ ಸಿಲಿಂಡರ್ ಒಂದೇ ಸಮನೆ ನಡೆದವು, ಒಂದು ಟಿಕ್ ಸದ್ದಿಲ್ಲ.

ಬಾಕಿನಿಂದ ಎದ್ದ ಮಲ್ಲಣ್ಣ, ಕೈ ಅಂದರೆ ಮಶಾಕಸಾಬನ ಕೈ ಎನ್ನುತ್ತ ತಮ್ಮ ಕೀಲಿ ಚಾಚಿದರು. ಅವನು ತೆಗೆದುಕೊಳ್ಳಲಿಲ್ಲ.

“ಕೈ ನಂದಲ್ರಿ,” ಎಂದ. “ನನ್ನ ಬೆರಳು ಸತ್ತಾವ. ಈ ಕೆಲಸ ಇನ್ನ ನನ್ನಿಂದ ಆಗೂದಿಲ್ಲ.”

ಮೂವತ್ತು ವರ್ಷದ ಹೆಸರನ್ನು ಅವನು ಗಿರಾಕಿಯ ಎದುರಿಗೇ ಕಳಚಿಟ್ಟಿದ್ದ. ಮಲ್ಲಣ್ಣ ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಗಾಡಿ ಇಲ್ಲೇ ಇರಲಿ, ಕೀಲಿ ಕೊಟ್ಟು ಹೋಗಿ ಎಂದು ನಾನು ಅವರಿಗೆ ಹೇಳಿದೆ. ನಾಳೆ ಹತ್ತು ಗಂಟೆಗೆ ರಾಡು ಹಿಡಿಯಲು ನಾನು ಬರುತ್ತೇನೆ ಎಂದೆ.