ಬೆಟ್ಟದ 'ನೀನು'

ರೊಮಾನಾಳ ಗಮನ ದಾರಿಯ ಮೇಲಿರಲಿಲ್ಲ, ವಿಟೋಲ್ಡನ ಬಾಯಿಯ ಮೇಲಿತ್ತು. ನಮ್ಮ ಬೆಟ್ಟಗಳಲ್ಲಿ ಸಾವಿರ ಮೀಟರ್ ದಾಟಿದ ಮೇಲೆ ಯಾರಿಗೂ ಯಾರೂ 'ನೀವು' ಅಲ್ಲ, ಅದು ಹಳೆಯ ರೂಢಿ. ಸಾಹೇಬನೂ ನೀನು, ಪಾದ್ರಿಯೂ ನೀನು. ಜೆಶುಫ್ ಊರಿನಲ್ಲಿ ಎದುರುಬದುರು ಮನೆಯಲ್ಲಿದ್ದ ಇವರಿಬ್ಬರು, ಅವಳು ವಿಧವೆ, ಅವನು ವಿಧುರ, ಹನ್ನೊಂದು ವರ್ಷ 'ನೀವು' ಎಂದುಕೊಂಡೇ ಸೂಪು ಹಂಚಿಕೊಂಡವರು. ಶರತ್ಕಾಲದ ರಜೆಗೆ ಬೆಟ್ಟ ಹತ್ತೋಣವೇ ಎಂದು ಅವನೇ ಕೇಳಿದಾಗ, ಸದ್ಯ, ಬಾಯಿ ಬಂತಲ್ಲ ಎಂದುಕೊಂಡಿದ್ದಳು. ದೂರದ ಗ್ದಿನಿಯಾದಲ್ಲಿರುವ ಅವಳ ತಂಗಿ, ಇಲ್ಲಿಗೇ ಬಂದು ನನ್ನ ಜೊತೆ ಇದ್ದುಬಿಡು ಎಂದು ಬೆನ್ನು ಬಿದ್ದಿದ್ದಾಳೆ. ಭಾನುವಾರ ಉತ್ತರ ಹೇಳಬೇಕು. ಇವನು 'ನೀನು' ಎಂದರೆ ಇಲ್ಲಿ, ಇಲ್ಲದಿದ್ದರೆ ಅಲ್ಲಿ.

ಕೆಂಪಾದ ಬೀಚ್ ಮರಗಳ ನಡುವೆ ಎಲ್ಲೋ ಬೆದೆಗೆ ಬಂದ ಗಂಡು ಜಿಂಕೆ ಕೂಗುತ್ತಿತ್ತು. ಅದಕ್ಕಿರುವ ಧೈರ್ಯ ಈ ಮನುಷ್ಯನಿಗಿಲ್ಲ. ಮಾತೆತ್ತಿದರೆ ಕೈಗಡಿಯಾರ ನೋಡುತ್ತಾನೆ, ಬಸ್ಸು ತಪ್ಪುವವನ ಹಾಗೆ.

ಮರಗಳು ಮುಗಿದು ಹಳದಿ ಹುಲ್ಲು ಶುರುವಾಯಿತು. ಸಾವಿರ ದಾಟಿತ್ತು.

"ಚಳಿ ಆಗ್ತಿಲ್ವಾ ನಿಮಗೆ, ರೊಮಾನಾ ಅವರೇ?"

"ಇಲ್ಲ," ಎಂದು ಅವಳು ಮುಖ ತಿರುಗಿಸಿದಳು.

ತಾರ್ನಿತ್ಸಾ ಶಿಖರದ ಶಿಲುಬೆಯ ಬುಡದಲ್ಲಿ ಕೂತು ಬುತ್ತಿ ಬಿಚ್ಚುವಾಗ, ಮೊಮ್ಮಗಳ ವಯಸ್ಸಿನ ಹುಡುಗಿಯೊಬ್ಬಳು ಬಂದು ವಿಟೋಲ್ಡನಿಗೆ, "ಸ್ವಲ್ಪ ಆಚೆ ಸರಿ, ನಾನೂ ಕೂರ್ತೀನಿ," ಎಂದಳು.

"ಬಾ, ಕೂತ್ಕೋ. ತಗೋ ತಿನ್ನು," ಎಂದು ಅವನು ಉಪ್ಪುನೀರಿನ ಸೌತೆಕಾಯಿ ಕೊಟ್ಟ. ಆಮೇಲೆ ರೊಮಾನಾಳ ಕಡೆ ತಿರುಗಿ, "ನೀವೂ ತಗೊಳ್ಳಿ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ದಾರಿಹೋಕಳಿಗೆ ನೀನು, ತನಗೆ ಮಾತ್ರ ನೀವು. ಒಂದು ತುತ್ತೂ ಮುಟ್ಟದೆ ಎದ್ದಳು. ಇಳಿಯುವಾಗ ಹಿಂದಿರುಗಿ ನೋಡದೆ ದುಡುದುಡು ನಡೆದಳು. ತಂಗಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡಳು: ಬರ್ತೀನಿ, ಕೋಣೆ ಖಾಲಿ ಮಾಡಿಡು.

ಕಾಡು ಮತ್ತೆ ಶುರುವಾಗಿ ಸುಮಾರು ದೂರ ಬಂದಾಗ ಹಿಂದಿನಿಂದ ದನಿ ಕೇಳಿತು.

"ರೊಮಾನಾ, ನಿಲ್ಲು. ನೀನು ಹೀಗೆ ಓಡಿದ್ರೆ ನನ್ನ ಮಂಡಿ ಗತಿ ಏನು?"

ಅವಳು ನಿಂತಳು. ತಿರುಗಿದರೆ ಅಳು ಬರುವುದೆಂದು ತಿರುಗಲಿಲ್ಲ. "ಸಾವಿರದ ಗಡಿ ಮೇಲೇ ಉಳೀತು, ವಿಟೋಲ್ಡ್ ಅವರೇ. ಇಲ್ಲಿ ಹಾಗೆ ಅನ್ನೋ ಹಾಗಿಲ್ಲ."

"ಗೊತ್ತು. ಈ ಗಡಿಯಾರ ಎತ್ತರ ತೋರಿಸುತ್ತೆ. ಒಂಬೈನೂರ ತೊಂಬತ್ತು ಆಗೋ ತನಕ ಕಾದೆ," ಎಂದ ಅವನು ಏದುಸಿರು ಬಿಡುತ್ತಾ. "ಮೇಲೆ ಅಂದಿದ್ರೆ ಅದು ಬೆಟ್ಟದ 'ನೀನು'. ಆ ಹುಡುಗಿಗೂ ಸಿಕ್ತು. ಇಳಿದ ಕೂಡಲೇ ಬೆಟ್ಟಕ್ಕೇ ವಾಪಸ್ ಕೊಡಬೇಕು. ನಂಗೆ ಮನೇಗೆ ತಗೊಂಡು ಹೋಗೋ 'ನೀನು' ಬೇಕಿತ್ತು."

"ಮನೆ ಮೆಟ್ಟಿಲಲ್ಲೇ ಹೇಳಬಹುದಿತ್ತಲ್ಲ?"

"ಅಲ್ಲಿ ಧೈರ್ಯ ಬರಲಿಲ್ಲ."

ಜಿಂಕೆ ಇನ್ನೂ ಕೂಗುತ್ತಿತ್ತು. ರೊಮಾನಾ ಕಣ್ಣೊರೆಸಿಕೊಂಡು ತಿರುಗಿ ಕೈ ಚಾಚಿದಳು.

"ಆ ಸೌತೆಕಾಯಿ ಉಳಿದಿದ್ರೆ ಕೊಡು ಇಲ್ಲಿ. ಬೆಳಗ್ಗಿಂದ ಉಪವಾಸ ಕೆಡವಿದ್ದೀಯ ನೀನು."