ಸಿಫಾಯೆಲಿಯ ಬಿಡುವಿಲ್ಲದ ಕೈಗಳು

ಅರೂಷಾದ ಗಡಿಯಾರದ ಗೋಪುರದ ಬಳಿ ಬರುವಷ್ಟರಲ್ಲಿ ಸಫಾರಿ ಗಾಡಿಗಳು ಹೊರಡಲು ಸಾಲಾಗಿ ನಿಂತಿದ್ದವು. ಪ್ರವಾಸಿಗರ ಊಟದ ಡಬ್ಬಿಗಳನ್ನು ಒಳಗೆ ತುಂಬುತ್ತಿದ್ದರು. ಡೀಸೆಲ್ ಹೊಗೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗಾಲು ತಾನಾಗಿ ನೆಲ ಒತ್ತಿತು. ಹದಿನಾರು ವರ್ಷ ಇದೇ ಬೀದಿಯಿಂದ ಸೆರೆಂಗೆಟಿಗೆ ಗಾಡಿ ಬಿಟ್ಟವನು ನಾನು. ಪಕ್ಕದ ಸೀಟಿನಲ್ಲಿ ಸರದಿಯ ಮೇಲೆ ಓಡಿಸುತ್ತಿದ್ದ ಗೆಳೆಯ ಸಿಫಾಯೆಲಿ. ಸಿಂಹ ಸಿಗದ ದಿನ ಅವನು ಬಿಡುತ್ತಿದ್ದ ಬುರುಡೆಗೇ ಪ್ರವಾಸಿಗರು ಸಂತೋಷಪಟ್ಟು ಹೋಗುತ್ತಿದ್ದರು. ಅಂಥ ದಿನಗಳು ನನ್ನ ಬಾಳಿನಲ್ಲಿ ಮತ್ತೆ ಬರಲಿಲ್ಲ.

ನನ್ನ ಚೀಲದಲ್ಲಿ ಗಂಟು ಹಾಕಿದ ಒಂದು ಇಸಾಲೆ ಎಲೆಯಿತ್ತು. ನಮ್ಮ ಚಗ್ಗಾ ಜನರಲ್ಲಿ ಈ ಎಲೆ ಕೊಟ್ಟರೆ ಕ್ಷಮೆ ಕೇಳಿದಂತೆ. ಒಮ್ಮೆ ಕೈಗೆ ತೆಗೆದುಕೊಂಡವನು ಕ್ಷಮಿಸಲೇಬೇಕು, ತಪ್ಪು ಎಂಥದ್ದೇ ಇರಲಿ.

ನನ್ನ ತಪ್ಪು ಇಪ್ಪತ್ತೆರಡು ವರ್ಷ ಹಳೆಯದು. ಪ್ರವಾಸಿಗರನ್ನು ಕರೆತರಲು ಖಾಲಿ ಗಾಡಿಯಲ್ಲಿ ಹೋಗುವಾಗ ಗೊರೊಂಗೊರೊ ಇಳಿಜಾರಿನಲ್ಲಿ ಮಗುಚಿದೆವು. ಓಡಿಸುತ್ತಿದ್ದವನು ನಾನು. ಸಿಫಾಯೆಲಿ ಪಕ್ಕದಲ್ಲಿ ನಿದ್ದೆ ಹೋಗಿದ್ದ. ಹಿಂದಿನ ಸಂಜೆ ಕುಡಿದ ಬಾಳೆಹಣ್ಣಿನ ಹೆಂಡದ ವಾಸನೆ ಅವನ ಬಾಯಿಂದ ಇನ್ನೂ ಹೊಡೆಯುತ್ತಿತ್ತು. ಗಾಡಿಯ ಧಣಿ ಕೇಳಿದಾಗ ಸಿಫಾಯೆಲಿಯೇ ಓಡಿಸುತ್ತಿದ್ದ ಅಂದುಬಿಟ್ಟೆ. ಆಮೇಲೆ ಯಾರೂ ಅವನಿಗೆ ಸಫಾರಿ ಗಾಡಿ ಕೊಡಲಿಲ್ಲ. ನಾನು ಮುಖ ತೋರಿಸಲಾಗದೆ ದೂರದ ಕರಾವಳಿಯ ಟಾಂಗಾಕ್ಕೆ ಹೋಗಿ ಸೇರಿಕೊಂಡೆ.

ನಾನು ಹೋದಾಗ ಸಿಫಾಯೆಲಿ ತನ್ನ ಮನೆಯ ಮುಂದೆ ಪಂಕ್ಚರ್ ಹಾಕುತ್ತಿದ್ದ.

"ಎಲಿಫಾಸ್! ಟಾಂಗಾದ ಸೊಳ್ಳೆಗಳು ನಿನ್ನ ಇನ್ನೂ ತಿಂದು ಮುಗಿಸಿಲ್ವೇನೋ?"

ನಾನು ಎಲೆ ಹೊರಗೆ ತೆಗೆದೆ. ಅವನು ಅದನ್ನು ನೋಡಿದ ತಕ್ಷಣ ಎರಡೂ ಕೈಯಲ್ಲಿ ಟೈರ್ ಎತ್ತಿಕೊಂಡ.

"ಕೈಯೆಲ್ಲ ಕೊಳೆ ಮಾರಾಯ. ಒಳಗೆ ಬಾ."

ಕೈ ತೊಳೆದವನು ಹೆಂಡತಿಯ ಮುಂದಿದ್ದ ಬಾಳೆಕಾಯಿಯನ್ನು ಎಳೆದುಕೊಂಡು ಸುಲಿಯಲು ಕೂತ. ಅವನ ಹೆಂಡತಿ ಆಯಿಕಾ ಬೆರಗಾದಳು.

"ಮದ್ವೆ ಆಗಿ ಮೂವತ್ತು ವರ್ಷ ಆಯ್ತು, ಒಂದು ಲೋಟ ಎತ್ತಿಟ್ಟೋರಲ್ಲ! ಎಲಿಫಾಸ್, ನೀನು ದಿನಾ ಬರ್ತಿರಪ್ಪ."

ಬಾಳೆಕಾಯಿ, ಮಾಂಸದ ಸಾರು ಬಂತು. ಅವನು ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಮಚ ಹಿಡಿದ. ಕೋತಿಯೊಂದು ಪಾದ್ರಿಯ ಕನ್ನಡಕ ಕದ್ದು ಮರ ಹತ್ತಿದ್ದು, ಅದಕ್ಕೆ ಇವನು ಚಗ್ಗಾ ಭಾಷೆಯಲ್ಲಿ ಬೈದದ್ದು, ಅದನ್ನೇ ಪ್ರಾರ್ಥನೆ ಅಂದುಕೊಂಡು ಪಾದ್ರಿ ಆಮೆನ್ ಅಂದದ್ದು ಎಲ್ಲ ನೆನಪಾಯಿತು. ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಇವನಿಲ್ಲದೆ ಇಷ್ಟು ವರ್ಷ ಹೇಗಿದ್ದೆ ಅನ್ನಿಸಿತು. ಇದೇ ಹೊತ್ತು ಎಂದು ಎಲೆ ಚಾಚಿದೆ. ಅವನು ಮತ್ತೆ ಬಟ್ಟಲು ತುಂಬಿಸಿಕೊಂಡ.

"ಎಷ್ಟು ಆಟ ಆಡಿಸ್ತೀಯೋ? ತಗೋ."

"ತಗೊಂಡ್ರೆ ಮುಗೀತು. ನೀನು ಬಾಯೇ ಬಿಡದೆ ಬಸ್ ಹತ್ತಿಬಿಡ್ತೀಯ." ಅವನ ನಗು ನಿಂತಿತ್ತು. "ಎಲೆಗೆ ಮಾತು ಬರಲ್ಲ, ನಿಂಗೆ ಬರುತ್ತೆ. ಇವಳಿಗೆ ಹೇಳು."

ಸೌಟು ಹಿಡಿದು ನಿಂತಿದ್ದ ಆಯಿಕಾಳನ್ನು ನೋಡಿದೆ. ಧಣಿಯ ಹಾಗೆ ಇವಳೂ ನನ್ನ ಮಾತನ್ನೇ ನಂಬಿದ್ದಳು. ಇದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

"ಅತ್ತಿಗೆ, ಆವತ್ತು ಗಾಡಿ ಓಡಿಸ್ತಿದ್ದೋನು ನಾನು. ಇವನು ನಿದ್ದೆ ಮಾಡ್ತಿದ್ದ."

ಆಯಿಕಾ ಸೌಟು ಕೆಳಗಿಟ್ಟಳು.

"ಇವ್ರು ನೂರು ಸಲ ಹೇಳಿದ್ರು," ಅಂದಳು. "ಕುಡುಕರ ಮಾತು ಅಂತ ಬಿಟ್ಟೆ. ಮಕ್ಕಳ ಮುಂದೂ ಹಂಗೇ ಅಂದೆ."

ಅವಳು ಹೊರಗೆ ಹೋಗಿ ಬೇಲಿಯಿಂದ ಒಂದು ಇಸಾಲೆ ಎಲೆ ಕಿತ್ತು ತಂದಳು. ಅದಕ್ಕೆ ಗಂಟು ಹಾಕಿದಳು. ಗಂಡನ ಮುಂದೆ ನಿಂತು ಚಾಚಿದಳು.

ಸಿಫಾಯೆಲಿ ಬಟ್ಟಲು ಪಕ್ಕಕ್ಕಿಟ್ಟು ಎರಡೂ ಕೈಯಲ್ಲಿ ತೆಗೆದುಕೊಂಡ. ತಲೆ ಬಗ್ಗಿಸಿ ಬಹಳ ಹೊತ್ತು ಅತ್ತ.

"ನಂದು?" ಅಂದೆ ಕೊನೆಗೆ.

"ನನ್ನ ಗಾಡಿ ಹೋಯ್ತು, ಅದನ್ನ ಎಂದೋ ಮರೆತೆ ಕಣೋ," ಅಂದ. "ನಿನ್ನ ಎಲೆ ಇವಳಿಗೆ ಕೊಡು."

ನಾನು ಆಯಿಕಾಳ ಕಡೆ ತಿರುಗಿ ಎಲೆ ಚಾಚಿದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಸಾರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅಡುಗೆಮನೆಗೆ ಹೊರಟಳು.